ಜಿಪ್ಪಿಲ್ಲದ ಗೌನು

ಗೌನಿನ ಬೆನ್ನಿಗೆ ಜಿಪ್ಪು ಇತ್ತು. ವೆಲ್ವೆಟ್ಟಿನ ಮಡಿಕೆಯೊಳಗೆ ತುಂಬ ಜಾಣತನದಿಂದ ಅಡಗಿಸಿದ್ದರು. ಆದರೂ ಎರ್ಮಿನ್‌ಳ ಹೆಬ್ಬೆರಳು ಕಣ್ಣಿಗಿಂತ ಮೊದಲೇ ಅದನ್ನು ಪತ್ತೆಮಾಡಿತು. ಮರದ ಬೊಂಬೆಯ ಮೇಲೆ ಏರಿಸಿಟ್ಟಿದ್ದ ಆ ಕಡುನೀಲಿ ಗೌನು ಉಳಿದಂತೆ ಸರಿಯಾಗಿಯೇ ಇತ್ತು. ಕುತ್ತಿಗೆಯ ಇಳಿತ, ತೋಳಿನ ಉದ್ದ, ಎಡ ಸೊಂಟದ ಮೇಲೆ ಕೂಡಿಸಿದ ಮೂರು ನೆರಿಗೆ, ಎಲ್ಲ ಸರಿ. ನಲವತ್ತೊಂದು ವರ್ಷದ ಹಿಂದೆ ತಾನು ಹೊಲಿದ ಗೌನನ್ನು ಈಗ ಬೇರೆ ಯಾರೋ ಫೋಟೋ ನೋಡಿಕೊಂಡು ಹೊಲಿದಿದ್ದರು, ಚೆನ್ನಾಗಿಯೇ ಹೊಲಿದಿದ್ದರು. ಅದನ್ನು ಒಪ್ಪಿಕೊಳ್ಳಲು ಎರ್ಮಿನ್‌ಗೆ ಕಷ್ಟವೇನೂ ಆಗಲಿಲ್ಲ. ಇನ್ನೊಬ್ಬರ ಒಳ್ಳೆಯ ಕೆಲಸವನ್ನು ಒಳ್ಳೆಯದು ಎನ್ನುವಷ್ಟು ಅವಳಿಗೆ ತನ್ನ ಕೈಯ ಮೇಲೆ ನಂಬಿಕೆಯಿತ್ತು. ಆದರೆ ಬೆನ್ನಿಗೆ ಜಿಪ್ಪು.

"ಹೇಗಿದೆ, ಮದಾಮ್ ಎರ್ಮಿನ್?" ಎಂದಳು ಬೆರಾಂಜೆರ್. ಸಿನಿಮಾದ ಉಡುಪಿನ ವಿಭಾಗ ಪೂರ್ತಿ ಅವಳದು. ತುಟಿಯಲ್ಲಿ ಮೂರು ಗುಂಡುಪಿನ್ನು ಕಚ್ಚಿಕೊಂಡೇ ದಿನವಿಡೀ ಮಾತಾಡುವ ಹೆಂಗಸು. "ನೂರಾ ಹತ್ತು ಫೋಟೋ ನೋಡಿದೀನಿ. ಒಂದೇ ಒಂದು ತಪ್ಪು ಹುಡುಕಿ ಕೊಡಿ, ಈ ಕೆಲಸಾನೇ ಬಿಟ್ಬಿಡ್ತೀನಿ."

"ಆ ದಿನ ಜಿಪ್ಪು ಇರ್ಲಿಲ್ಲ" ಎಂದಳು ಎರ್ಮಿನ್.

ಅಂದ ಮೇಲೆಯೇ ತಾನು ಏನಂದೆ ಎಂಬುದು ಅವಳ ಕಿವಿಗೆ ಬಿತ್ತು. ನಲವತ್ತೊಂದು ವರ್ಷದಲ್ಲಿ ಪತ್ರಿಕೆಯವರು ಕೇಳಿದ್ದರು, ವೈದ್ಯರು ಕೇಳಿದ್ದರು, ಗಾಯಕಿ ರೆಜಾನ್ ಕೊರ್ವಿಲ್‌ಳ ಜೀವನಚರಿತ್ರೆ ಬರೆಯುತ್ತೇವೆಂದು ಬಂದ ಇಬ್ಬರು ಮೇಷ್ಟ್ರುಗಳು ಅವಳ ಅಡುಗೆಮನೆಯಲ್ಲಿ ಕೂತು ಲೀಕ್ ಸೊಪ್ಪಿನ ಸೂಪು ಕುಡಿದು, ಬಟ್ಟಲು ಒರೆಸುವ ಹಾಗೆ ಬ್ರೆಡ್ಡು ಉಜ್ಜಿ ತಿಂದು ಕೇಳಿದ್ದರು. ಅವರೆಲ್ಲರಿಗೂ ಅವಳು ಹೇಳಿದ್ದು ಒಂದೇ: ನಾನು ರೆಜಾನ್‌ಗೆ ಬಟ್ಟೆ ಉಡಿಸುವವಳು, ನನಗೆ ಬಟ್ಟೆ ಬಿಟ್ಟು ಬೇರೇನೂ ಗೊತ್ತಿಲ್ಲ. ಅಷ್ಟು ಜನರ ಮುಂದೆ ಬಾಯಿ ಬಿಡದವಳು ಇವತ್ತು ಒಂದು ಜಿಪ್ಪಿನ ಮುಂದೆ ಬಿಟ್ಟಳು. ಕೆಲಸ ಬಲ್ಲವರ ಹಣೆಬರಹವೇ ಇಷ್ಟು, ಸುಳ್ಳನ್ನು ಎಷ್ಟು ಬೇಕಾದರೂ ಸಹಿಸುತ್ತಾರೆ, ತಪ್ಪು ಹೊಲಿಗೆಯನ್ನು ಸಹಿಸುವುದಿಲ್ಲ.

ಬೆರಾಂಜೆರ್ ಗುಂಡುಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದಳು. "ಅಳತೆ ನೋಡೋ ದಿನದ ಫೋಟೋದಲ್ಲಿ ಜಿಪ್ಪಿನ ಗುರುತು ಇದೆಯಲ್ಲ?"

"ಅಳತೆ ದಿನ ಇತ್ತು. ಆ ಸಂಜೆ ಇರ್ಲಿಲ್ಲ."

"ಮತ್ತೆ ರೆಜಾನ್ ಗೌನೊಳಗೆ ಹೋಗಿದ್ದು ಹೇಗೆ?"

"ಕಾಫಿ ಕುಡ್ಕೊಂಡು ಬರ್ತೀನಿ ಕಣಮ್ಮ" ಎಂದು ಎರ್ಮಿನ್ ಹೊರಬಿದ್ದಳು.

ಓಣಿಯ ತುಂಬ ಜನ. ಪ್ರೇಕ್ಷಕರಾಗಿ ಕೂರಲು ಕರೆಸಿದ ಇನ್ನೂರು ಮಂದಿ ಹಳೆ ಕಾಲದ ಕೋಟು, ಟೋಪಿ, ಕೈಗವಸು ಹಾಕಿಕೊಂಡು ಗೋಡೆಗೆ ಒರಗಿ ಮೊಬೈಲ್ ನೋಡುತ್ತ ನಿಂತಿದ್ದರು. ಬೆಲ್‌ವಿಲ್ ಏರಿನ, ರೆಜಾನ್ ಕೊನೆಯ ಸಲ ಹಾಡಿದ ಈ ಕಾದ್ರಾನ್ ಸಭಾಂಗಣ ಇಪ್ಪತ್ತು ವರ್ಷ ರತ್ನಗಂಬಳಿಯ ಗೋದಾಮಾಗಿತ್ತು; ಸಿನಿಮಾದವರು ಗುಡಿಸಿ ಬಣ್ಣ ಹೊಡೆದಿದ್ದರೂ ಉಣ್ಣೆಯ ವಾಸನೆ ಹೋಗಿರಲಿಲ್ಲ. ಆ ಸಂಜೆಯ ವಾಸನೆ ಬೇರೆ. ಬ್ರಾಂದಿ, ಪೌಡರು, ಸೂಜಿಮದ್ದಿನ ಸ್ಪಿರಿಟ್ಟು. ಇವತ್ತು ಬೆಳಗ್ಗೆ ಬಸ್ಸಿಳಿದು ಬರುವಾಗಲೂ ಆ ವಾಸನೆ ಮೂಗಿಗೆ ಬಂದಂತಾಗಿ ಅವಳು ಎದುರಿನ ಕಾಫಿ ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು, ಮತ್ತು ಅದೇ ತಪ್ಪಾಯಿತು. ಕಿಟಕಿ ಪಕ್ಕದ ಮೇಜಿನಲ್ಲಿ ಓದಿಲ್ ಪ್ರೂವೊ ಕೂತಿದ್ದಳು. ರೆಜಾನ್‌ಳ ಮ್ಯಾನೇಜರ್ ಗಾಸ್ತೋನ್ ಪ್ರೂವೊನ ಮಗಳು. ಅಪ್ಪನ ಶವಪೆಟ್ಟಿಗೆಯ ಹಿಂದೆ ನಡೆದಾಗ ಮೂವತ್ತರ ಹೆಂಗಸು, ಈಗ ಐವತ್ತೆಂಟು, ಅಪ್ಪನದೇ ಅಗಲ ದವಡೆ. ಚಿತ್ರೀಕರಣ ಶುರುವಾದಾಗಿನಿಂದ ದಿನಾ ಬಂದು ಅಲ್ಲಿ ಕೂರುತ್ತಾಳಂತೆ. ನಿರ್ದೇಶಕನಿಗೆ ಹನ್ನೊಂದು ಪತ್ರ ಬರೆದಿದ್ದಳಂತೆ. "ಮದಾಮ್ ಎರ್ಮಿನ್, ನೀವು ಅಲ್ಲಿದ್ರಿ" ಎಂದಿದ್ದಳು, ಎದ್ದು ನಿಂತು, ಚಮಚ ಕೈಯಲ್ಲೇ ಹಿಡಿದು. "ನಮ್ಮಪ್ಪ ಏನೂ ದೇವರಲ್ಲ, ಗೊತ್ತು ನಂಗೆ. ಕುಡೀತಿದ್ದ, ಕೂಗಾಡ್ತಿದ್ದ. ಆದ್ರೆ ಸಾಯೋ ಹೆಂಗಸನ್ನ ಸ್ಟೇಜಿಗೆ ತಳ್ಳೋನಲ್ಲ. ಅಲ್ವಾ? ನೀವೊಂದು ಮಾತು ಹೇಳಿದ್ರೆ ಸಾಕು." ಎರ್ಮಿನ್ ಅವಳ ಕೋಟಿನ ಗುಂಡಿಯನ್ನೇ ನೋಡುತ್ತ "ತಡ ಆಯ್ತು ನಂಗೆ" ಎಂದಿದ್ದಳು. ಆ ಗುಂಡಿಯ ದಾರ ಸಡಿಲವಾಗಿತ್ತು. ಹೇಳಬೇಕಾದ್ದು ಬಿಟ್ಟು ಗುಂಡಿಯನ್ನು ನೋಡಿದ್ದೆ ಎಂಬುದು ರಸ್ತೆ ದಾಟುವಾಗ ಅರಿವಾಗಿತ್ತು.

ಪ್ರೂವೊನನ್ನು ಮುಗಿಸಿದ್ದು ಒಂದು ಫೋಟೋ. ಆ ಸಂಜೆ ಮೂರನೇ ಹಾಡಿನ ನಡುವೆ ರೆಜಾನ್ ಕುಸಿದು ಬಿದ್ದಾಗ ಅವಳಿಗೆ ಉಸಿರಾಡಲು ಆಗುತ್ತಿರಲಿಲ್ಲ, ಗೌನು ಎದೆಯನ್ನು ಹಿಡಿದಿಟ್ಟಿತ್ತು. ಪ್ರೂವೊ ಪಕ್ಕದ ಪರದೆಯಿಂದ ಓಡಿಬಂದು, ಅವಳನ್ನು ಮಗ್ಗುಲಿಗೆ ಹೊರಳಿಸಿ, ಜೇಬಿನ ಚಾಕು ತೆಗೆದು ಬೆನ್ನಿನ ಹೊಲಿಗೆ ಕತ್ತರಿಸಿದ. ಮುಂದಿನ ಸಾಲಿನಲ್ಲಿದ್ದ ಯಾವನೋ ಕ್ಯಾಮೆರಾ ಒತ್ತಿದ. ಮಾರನೆಯ ದಿನ ದೇಶವೆಲ್ಲ ನೋಡಿತು: ನೆಲದ ಮೇಲೆ ಆ ಪುಟ್ಟ ಹೆಂಗಸು, ಮೇಲೆ ಬಾಗಿದ ದಢೂತಿ ಗಂಡಸು, ಕೈಯಲ್ಲಿ ಚಾಕು. ಹನ್ನೆರಡು ದಿನದ ನಂತರ ಅವಳು ಆಸ್ಪತ್ರೆಯಲ್ಲಿ ಸತ್ತಳು. ಆಮೇಲೆ ಆ ಫೋಟೋದಲ್ಲಿ ಏನಾಗುತ್ತಿದೆ ಎಂದು ಯಾರೂ ಕೇಳಲಿಲ್ಲ, ಅವನೇ ಅವಳನ್ನು ಹಾಡಿಸಿ ಕೊಂದ ಎಂದು ಎಲ್ಲರಿಗೂ ಗೊತ್ತಿತ್ತು. ಪ್ರೂವೊನ ಜೊತೆಗಿದ್ದ ಉಳಿದ ಹಾಡುಗಾರರು ಒಬ್ಬೊಬ್ಬರಾಗಿ ಬಿಟ್ಟುಹೋದರು. ಅವನು ದೂರದ ರುಬೇ ಊರಿಗೆ ಹೋಗಿ ತಂಬಾಕಿನ ಅಂಗಡಿ ಇಟ್ಟ. ರೆಜಾನ್‌ಳ ಮಣ್ಣಿನ ದಿನ ಸ್ಮಶಾನದ ಗೇಟಿನ ಹತ್ತಿರ ಜನರಿಂದ ದೂರ ನಿಂತಿದ್ದವನು ಎರ್ಮಿನ್ ಹತ್ತಿರ ಬಂದಾಗ ಟೋಪಿ ತೆಗೆದು, "ನಿನ್ನ ಹೊಲಿಗೆ ಗಟ್ಟಿ, ಎರ್ಮಿನ್. ಚಾಕು ಎರಡು ಸಲ ಜಾರ್ತು" ಎಂದ. ಅಷ್ಟೇ. ಬೈದನೋ, ಹೊಗಳಿದನೋ, ನನಗೆ ಗೊತ್ತು ಎಂದು ತಿಳಿಸಿದನೋ. ಪತ್ರಿಕೆಗಳು ಅವನ ಚರ್ಮ ಸುಲಿಯುವಾಗಲೂ ಅವನು ಆ ಹೊಲಿಗೆ ಯಾರದೆಂದು ಹೇಳಲಿಲ್ಲ. ಯಾಕೆ ಹೇಳಲಿಲ್ಲ? ಎಷ್ಟೋ ವರ್ಷ ಅವಳು ಪಾತ್ರೆ ತೊಳೆಯುತ್ತ, ಬಸ್ಸಿಗೆ ಕಾಯುತ್ತ ಅದನ್ನು ಯೋಚಿಸಿದ್ದಳು. ಒಬ್ಬ ಉಡಿಸುವವಳ ಹೆಸರು ಹೇಳಿದರೆ ಯಾರೂ ನಂಬುವುದಿಲ್ಲ ಎಂದುಕೊಂಡಿರಬೇಕು ಅಂತ ಒಮ್ಮೆ ಅನ್ನಿಸುತ್ತಿತ್ತು. ಒಳ್ಳೆಯವನು ಅಂತ ಇನ್ನೊಮ್ಮೆ. ಎರಡನೆಯದು ಅನ್ನಿಸಿದ ದಿನ ಊಟ ಸೇರುತ್ತಿರಲಿಲ್ಲ.

ಕಾಗದದ ಲೋಟದ ಕಾಫಿ ಹಿಡಿದು ಅವಳು ರಂಗದ ಪಕ್ಕಕ್ಕೆ ಬರುವ ಹೊತ್ತಿಗೆ ಮೇಲಿನಿಂದ ಒಬ್ಬ ದೀಪದವನು "ಏಯ್, ಆ ಹಗ್ಗ ಇತ್ಲಾಗ್ ಕೊಡೋ!" ಎಂದು ಕೂಗಿದ. ಎರ್ಮಿನ್ ಬೆಚ್ಚಿದಳು. ರಂಗದ ಮೇಲೆ ಆ ಪದ ಅಪಶಕುನ, ಆಡುವ ಹಾಗಿಲ್ಲ. ದಾರ ಅನ್ನಬಹುದು, ತಂತಿ ಅನ್ನಬಹುದು, ಅದನ್ನು ಮಾತ್ರ ಅನ್ನಬಾರದು. ಅಂದವನು ಎಲ್ಲರಿಗೂ ವೈನು ಕೊಡಿಸಿ ದೋಷ ಕಳೆದುಕೊಳ್ಳಬೇಕು. ಈ ಸಿನಿಮಾದವರಿಗೆ ಒಂದೂ ಗೊತ್ತಿಲ್ಲ.

"ಕೇಳಿಸ್ತಾ ನಿಂಗೂ?" ಕತ್ತಲಿನಿಂದ ಒಂದು ದನಿ. ಫಿರ್ಮೆನ್. ಅರವತ್ತಾರರ ಮುದಿ ನಟ, ಐವತ್ತು ವರ್ಷ ನಾಟಕದಲ್ಲಿ ಮಣ್ಣು ಹೊತ್ತವನು, ಈ ಸಿನಿಮಾದಲ್ಲಿ ಪ್ರೂವೊ. ಹೊಟ್ಟೆಗೆ ದಿಂಬು ಕಟ್ಟಿಕೊಂಡು ಕುರ್ಚಿಯಲ್ಲಿ ಹರಡಿ ಕೂತಿದ್ದ. "ಬೆಳಗ್ಗಿಂದ ಐದು ಸಲ ಅಂದಿದಾನೆ ಕಣೇ. ನಮ್ಮ ಕಾಲದಲ್ಲಾಗಿದ್ರೆ ಇಷ್ಟೊತ್ತಿಗೆ ಅವನ ಲೆಕ್ಕದಲ್ಲಿ ನಾವಿಬ್ರೂ ಮಲ್ಕೊಂಡಿರ್ತಿದ್ವಿ."

"ನಿನ್ ಜೊತೇಲಿ ಮಲ್ಕೊಳ್ಳೋಕೆ ನಂಗೇನು ಗ್ರಹಚಾರ?"

"ಅಯ್ಯೋ, ಕುಡಿದು ಮಲಗೋ ವಿಷ್ಯ ಹೇಳ್ದೆ. ನಿಂಗೆ ಎಪ್ಪತ್ತೊಂದಾದ್ರೂ ಆಸೆ ನೋಡು!" ಅವನು ನಕ್ಕ, ದಿಂಬು ಕುಣಿಯಿತು. ನಗು ನಿಂತ ಮೇಲೆ ಹಾಳೆಯೊಂದನ್ನು ತಟ್ಟಿ ತೋರಿಸಿದ. "ಮಧ್ಯಾಹ್ನ ಇದನ್ನ ಮಾಡ್ಬೇಕು. 'ಸತ್ರೆ ಸ್ಟೇಜ್ ಮೇಲೆ ಸಾಯಿ' ಅಂತ ಹೇಳಿ ಬೆನ್ನಿನ ಜಿಪ್ಪು ಎಳೀಬೇಕಂತೆ. ಹಂಗೆ ಯಾವನಾದ್ರೂ ಮಾತಾಡ್ತಾನಾ? ಹುಲಿವೇಷ ಹಾಕ್ದಂಗಿದೆ."

ಅವಳು ಕಾಫಿ ಕುಡಿದಳು. ಅದು ಆಗಲೇ ಆರಿತ್ತು. ಏನಾದರೂ ಹೇಳುವ ಮೊದಲೇ ಕ್ಲೋವಿಸ್ ಓಡುತ್ತ ಬಂದ, ಹಿಂದೆ ಬೆರಾಂಜೆರ್. ಕ್ಲೋವಿಸ್ ಈ ಸಿನಿಮಾದ ನಿರ್ದೇಶಕ, ನಲವತ್ತು ದಾಟಿರಲಿಲ್ಲ, ಒಳ್ಳೆಯ ಹುಡುಗ. ರೆಜಾನ್‌ಳ ಹಾಡು ಕೇಳಿ ಎಂಟನೇ ವಯಸ್ಸಿನಲ್ಲಿ ಅತ್ತವನು. ಅವಳು ಚೀಪುತ್ತಿದ್ದ ಗಂಟಲಿನ ಗುಳಿಗೆಯ ಡಬ್ಬಿ ಕೂಡ ಆ ವರ್ಷದ್ದೇ ಬೇಕೆಂದು ಮೂರು ತಿಂಗಳು ಹುಡುಕಿಸಿದವನು. ಅವನ ಭಕ್ತಿಯಲ್ಲಿ ಸುಳ್ಳಿರಲಿಲ್ಲ.

"ಮದಾಮ್ ಎರ್ಮಿನ್, ಜಿಪ್ಪು ಇರ್ಲಿಲ್ವಂತೆ? ಮತ್ತೇನಿತ್ತು?"

"ಹೊಲಿದಿತ್ತು."

"ಅಂದ್ರೆ... ಅವರು ಒಳಗಿದ್ದಾಗ್ಲೇ?"

"ಹೂಂ. ಮೈಮೇಲೇ."

ಕ್ಲೋವಿಸ್ ಎರಡು ಕೈಯಿಂದಲೂ ತಲೆಗೂದಲು ಹಿಡಿದುಕೊಂಡ. "ಪ್ರೂವೊ ಹೊಲಿಸಿದ! ಮೂಟೆ ಹೊಲಿದ ಹಾಗೆ ಹೊಲಿಸಿ ಹೊರಗೆ ತಳ್ಳಿದ! ಜಿಪ್ಪಾಗಿದ್ರೆ ಅವಳೇ ಬಿಚ್ಕೊಂಡು ಓಡ್ಬಹುದಿತ್ತು, ಇದ್ರಲ್ಲಿ ಆಗಲ್ಲ! ನಲವತ್ತು ವರ್ಷ ಇದು ಯಾರಿಗೂ ಗೊತ್ತಿರ್ಲಿಲ್ಲ, ನೋಡಿ! ಬೆರಾಂಜೆರ್, ಜಿಪ್ಪು ಕಿತ್ತಾಕು. ಫಿರ್ಮೆನ್, ಮಾತು ಬದಲಾಯ್ತು. ನೀವು ಬಾಗಿಲಲ್ಲಿ ನಿಂತ್ಕೊಂಡು 'ಹೊಲಿ' ಅಂತೀರಿ. ಅದೊಂದೇ ಮಾತು. 'ಹೊಲಿ.'"

ಎರ್ಮಿನ್ ಲೋಟ ಕೆಳಗಿಟ್ಟಳು. ಅರ್ಧ ಬಾಯಿ ಬಿಟ್ಟಿದ್ದಕ್ಕೆ ಇದು ಫಲ. ಇಷ್ಟು ದಿನ ಪ್ರೂವೊ ಬರೀ ಒರಟ ಆಗಿದ್ದ; ಈಗ, ಅವಳು ಒದಗಿಸಿದ ದಾರದಿಂದ, ಹೆಂಗಸನ್ನು ಬಟ್ಟೆಯೊಳಗೆ ಹೊಲಿಸಿದ ರಾಕ್ಷಸನಾದ. ಎದುರಿನ ಕಾಫಿ ಅಂಗಡಿಯ ಕಿಟಕಿಯಲ್ಲಿ ಒಬ್ಬಳು ಕೂತಿದ್ದಾಳೆ. ಸಿನಿಮಾ ಬಂದ ಮೇಲೆ ಅವಳು ಇಪ್ಪತ್ತು, ಮೂವತ್ತು ವರ್ಷ ಬದುಕಬೇಕು, ಪ್ರೂವೊ ಎಂಬ ಹೆಸರು ಹೇಳಿದಾಗಲೆಲ್ಲ ಎದುರಿನವರ ಮುಖದಲ್ಲಿ ಆ ಸೂಜಿಯನ್ನು ನೋಡಬೇಕು.

"ಕ್ಲೋವಿಸ್, ಸ್ವಲ್ಪ ಈ ಕಡೆ ಬಾಪ್ಪ" ಎಂದಳು ಎರ್ಮಿನ್. ಪಕ್ಕದ ಪರದೆಯ ಹಿಂದೆ, ಹಳೇ ಪೆಟ್ಟಿಗೆಯೊಂದರ ಮೇಲೆ ಕೂತು, ಮಾರುಕಟ್ಟೆಯಲ್ಲಿ ಮೀನಿನ ಬೆಲೆ ಹೇಳುವಷ್ಟೇ ಸರಾಗವಾಗಿ ಹೇಳಿದಳು. ಹೇಳುವುದು ಇಷ್ಟು ಸುಲಭ ಎಂದು ಗೊತ್ತಿದ್ದರೆ ಯಾವತ್ತೋ ಹೇಳುತ್ತಿದ್ದೆನಲ್ಲ ಎಂದು ಅವಳಿಗೇ ಆಶ್ಚರ್ಯವಾಯಿತು.

ಗೌನು ಅಳತೆ ನೋಡಿದ್ದು ಜೂನ್‌ನಲ್ಲಿ. ಅವತ್ತು ರೆಜಾನ್ ಜೊತೆಗೆ ದೊಡ್ಡ ಫ್ಯಾಷನ್ ಅಂಗಡಿಯ ಹೆಂಗಸೊಬ್ಬಳು ಬಂದಿದ್ದಳು, ಗೌನಿನ ತುದಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ಪರವಾಗಿಲ್ಲ, ಮನೆಯಲ್ಲೇ ಹೊಲಿದಿದ್ದಾ?" ಎಂದಿದ್ದಳು. ರೆಜಾನ್ ನಕ್ಕಿದ್ದಳು. ನಗಬೇಕೆಂದು ನಕ್ಕಿದ್ದಲ್ಲ, ಅವಳಿಗೆ ನಗು ಹಾಗೇ ಬರುತ್ತಿತ್ತು. ಆದರೆ ಎರ್ಮಿನ್ ಆ ನಗುವನ್ನು ಅಕ್ಟೋಬರ್‌ವರೆಗೂ ಎದೆಯಲ್ಲಿ ಇಟ್ಟುಕೊಂಡಿದ್ದಳು. ಅಕ್ಟೋಬರ್ ಹೊತ್ತಿಗೆ ರೆಜಾನ್‌ಳ ಲಿವರ್ ಕೆಟ್ಟು ಹೊಟ್ಟೆ, ಬೆನ್ನು ಎಲ್ಲ ನೀರು ತುಂಬಿ ಬಾತಿತ್ತು. ಕೈಕಾಲು ಮಾತ್ರ ಕಡ್ಡಿ. ಆ ಸಂಜೆ ಗೌನು ಏರಿಸಿದರೆ ಬೆನ್ನಲ್ಲಿ ನಾಲ್ಕು ಬೆರಳಷ್ಟು ಕೂಡಲಿಲ್ಲ. ಹೊರಗೆ ಜನ ನೆಲಕ್ಕೆ ಕಾಲು ಬಡಿಯುತ್ತಿದ್ದರು. ರೆಜಾನ್ ಕನ್ನಡಿಯಲ್ಲಿ ನೋಡಿ, "ನೋಡು ಮಿನ್, ಹಿಡಿಸ್ತಿಲ್ಲ" ಎಂದಳು. ಎಂದು, ನಕ್ಕಳು. ಆ ನಗು ಬೇರೆ. ಜ್ವರ ಇದೆ, ಇವತ್ತು ಶಾಲೆಗೆ ಹೋಗಬೇಡ ಎಂದಾಗ ಮಗು ಹಾಸಿಗೆಯಲ್ಲಿ ಮಗ್ಗುಲಾಗಿ ನಗುತ್ತದಲ್ಲ, ಆ ನಗು. ಹಾಡಲಾರೆ ಎಂದು ರೆಜಾನ್ ಕೊರ್ವಿಲ್ ತನ್ನ ಬಾಯಿಂದ ಎಂದೂ ಹೇಳುವಂತಿರಲಿಲ್ಲ. ಕೊನೆಗೂ ಒಂದು ಬಟ್ಟೆ ಅವಳ ಪರವಾಗಿ ಹೇಳಿತ್ತು. ಪ್ರೂವೊ ಬಾಗಿಲಲ್ಲಿ ನಿಂತಿದ್ದ. ಅವನಿಗೂ ಅದು ಅರ್ಥವಾಯಿತು. "ಬಿಡಮ್ಮ, ಮನೆಗೆ ಹೋಗೋಣ. ಗೌನು ಸರಿಯಾಗ್ಲಿಲ್ಲ ಅಂತ ಜನಕ್ಕೆ ನಾನು ಹೇಳ್ತೀನಿ" ಎಂದ.

"ಗೌನು ಸರಿಯಾಗ್ಲಿಲ್ಲ ಅಂತ" ಎಂದು ಎರ್ಮಿನ್ ಮತ್ತೊಮ್ಮೆ ಹೇಳಿದಳು, ಕ್ಲೋವಿಸ್‌ನ ಮುಖ ನೋಡಿ. "ನನ್ನ ಗೌನು. ಅರ್ಥ ಆಯ್ತಾ? ಎರಡು ಸಾವಿರ ಜನರ ಮುಂದೆ. ನಾನು ಆ ನಗೂನ ನೋಡಿದ್ದೆ ಕಣಪ್ಪ. ನೋಡ್ಲಿಲ್ಲ ಅನ್ನೋಕಾಗಲ್ಲ, ಕನ್ನಡಿ ನನ್ನ ಮುಂದೇನೇ ಇತ್ತು. ನೋಡಿಯೂ ಜಿಪ್ಪು ಕಿತ್ತೆ, ಒಳಗಿನ ಅಸ್ತರಿನಿಂದ ಒಂದು ಪಟ್ಟಿ ಕತ್ತರಿಸಿ ನಡುವೆ ಇಟ್ಟೆ, ಹನ್ನೊಂದು ನಿಮಿಷದಲ್ಲಿ ಹೊಲಿದು ಮುಗಿಸ್ದೆ. ವೆಲ್ವೆಟ್ಟು ಹೊಲಿಗೇನ ನುಂಗುತ್ತೆ. ಹೊರಗಿಂದ ಒಂದು ಎಳೇನೂ ಕಾಣ್ತಿರ್ಲಿಲ್ಲ. ಅವಳಿಗೆ ಇದ್ದದ್ದು ಒಂದು ನೆಪ. ಅದನ್ನ ನಾನು ಹೊಲಿದು ಮುಚ್ಬಿಟ್ಟೆ."

ಕ್ಲೋವಿಸ್ ಅವಳ ಕೈ ಹಿಡಿದುಕೊಂಡ. ಅವನ ಕಣ್ಣು ತೇವವಾಗಿತ್ತು. ಒಂದು ಕ್ಷಣ ಅವಳಿಗೆ ಹಗುರಾಯಿತು, ಆಮೇಲೆ ಆ ಕಣ್ಣಿನಲ್ಲಿ ಇರುವುದು ಏನೆಂದು ಗುರುತು ಸಿಕ್ಕಿತು: ಅಜ್ಜಿಯರನ್ನು ನೋಡುವ ಕನಿಕರ.

"ಮದಾಮ್ ಎರ್ಮಿನ್, ಹತ್ತಿರದವರು ಹೋದಾಗ ಉಳಿದವರಿಗೆಲ್ಲ ಹೀಗೇ ಅನ್ಸುತ್ತೆ. ನಮ್ಮಜ್ಜಿ ಕೂಡ ತಾತ ಸತ್ತಿದ್ದು ತಾನು ಕಿಟಕಿ ತೆಗೆದಿಟ್ಟಿದ್ದಕ್ಕೆ ಅಂತ ಕೊನೇವರೆಗೂ ಹೇಳ್ತಿದ್ರು. ನೀವು ನಿಮ್ಮ ಕೆಲಸ ಮಾಡಿದ್ರಿ, ಅಷ್ಟೇ. ಹೊಲಿಸೋಕೆ ಒಬ್ಬ ಯಜಮಾನ ಇದ್ದೇ ಇರ್ತಾನೆ."

"ಇರ್ಲಿಲ್ಲ ಅಂತ ಹೇಳ್ತಿದೀನಲ್ಲ."

"ನೋಡೋ ಜನಕ್ಕೆ ನಾಲ್ಕು ಬೆರಳು ಬಟ್ಟೆ ಕೂಡ್ಲಿಲ್ಲ, ದರ್ಜಿಗೆ ಅವಮಾನ ಆಯ್ತು ಅಂದ್ರೆ ಏನೂ ಅನ್ಸಲ್ಲ. ಬಾಗಿಲಲ್ಲಿ ಒಬ್ಬ ದಪ್ಪ ಗಂಡಸು ನಿಂತಿದ್ರೆ ತಕ್ಷಣ ತಿಳಿಯುತ್ತೆ." ಅವನು ಎದ್ದ. "ಆದ್ರೆ ಆ ಮಾತು ಇದೆಯಲ್ಲ, 'ನೋಡು ಮಿನ್, ಹಿಡಿಸ್ತಿಲ್ಲ', ಅದು ನಂಗೆ ಬೇಕು. ರೆಜಾನ್ ಪಾತ್ರ ಮಾಡ್ತಿರೋ ಮೈಲಿಸ್‌ಗೆ ಹೇಳ್ತೀನಿ. ಮತ್ತೆ ಇನ್ನೊಂದು. ಉಡಿಸೋಳ ಪಾತ್ರದ ಹುಡುಗಿಗೆ ಸೂಜಿ ಹಿಡಿಯೋಕೇ ಬರಲ್ಲ. ಹತ್ತಿರದ ಶಾಟ್‌ಗೆ ನಿಮ್ಮ ಕೈ ಬೇಕು. ಮುಖ ಕಾಣಲ್ಲ, ಮಾತೂ ಇಲ್ಲ, ಬರೀ ಕೈ. ಆಗುತ್ತಾ?"

"ಆಗುತ್ತೆ" ಎಂದಳು ಎರ್ಮಿನ್. ಕೈ ಕೇಳಿದರೆ ಇಲ್ಲ ಎಂದು ಅವಳು ಯಾವತ್ತೂ ಹೇಳಿದವಳಲ್ಲ.

ಒಪ್ಪಿಕೊಂಡ ತಪ್ಪನ್ನು ತೆಗೆದುಕೊಳ್ಳಲು ಯಾರೂ ಇಲ್ಲದಿದ್ದರೆ ಅದನ್ನು ಎಲ್ಲಿ ಇಡುವುದು? ಬ್ರೆಡ್ಡು, ಹಂದಿಮಾಂಸದ ಹೋಳು, ಉಪ್ಪಿನಲ್ಲಿಟ್ಟ ಸೌತೆಕಾಯಿಯ ಊಟ ಮುಗಿಸಿ ಅವಳು ಬೆರಾಂಜೆರ್ ಜೊತೆ ಕೂತು ಜಿಪ್ಪು ಬಿಡಿಸಿದಳು. ಬ್ಲೇಡಿನ ಮೂಲೆ ತಾಗಿಸಿದರೆ ದಾರ ಒಂದೊಂದಾಗಿ ಟಿಕ್ ಟಿಕ್ ಎಂದು ಬಿಡುತ್ತದೆ. ಆ ಸದ್ದು ಬದಲಾಗಿರಲಿಲ್ಲ. ನಾನೇನು ಕೆಟ್ಟವಳಲ್ಲ ಎಂದು ಅವಳು ಯೋಚಿಸಿದಳು, ಅದು ನಿಜವೂ ಹೌದು. ನೆರೆಯ ಮುದುಕನಿಗೆ ಹತ್ತು ವರ್ಷ ಸಾರು ಮಾಡಿ ಕೊಟ್ಟವಳು, ತಂಗಿಯ ಮಕ್ಕಳಿಗೆ ಕೋಟು ಹೊಲಿದವಳು. ಕೆಟ್ಟವಳಾಗಿದ್ದರೆ ಅರ್ಥವಾದರೂ ಆಗುತ್ತಿತ್ತು. ಒಳ್ಳೆಯ ಕೆಲಸಗಾರ್ತಿಯೊಬ್ಬಳು ಒಳ್ಳೆಯ ಕೆಲಸ ಮಾಡಿದ್ದಳು, ಅದಕ್ಕೆ ಪತ್ರಿಕೆಯಲ್ಲಿ ಹಾಕುವಂಥ ಹೆಸರೇ ಇರಲಿಲ್ಲ. ಮೇಕಪ್ಪಿನ ಹುಡುಗಿ ಬಂದು ಅವಳ ಕೈಯ ಕಂದು ಚುಕ್ಕೆಗಳ ಮೇಲೆ ಬಣ್ಣ ಹಚ್ಚಿ, ನರಗಳನ್ನು ಮರೆಮಾಡಿ, "ಮೂವತ್ತು ವರ್ಷದ ಕೈ ಆಯ್ತು ನೋಡಿ" ಎಂದಳು. ಹೌದು. ಎರ್ಮಿನ್ ಆ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಪರಿಚಯದವರು ಎದುರಾದರೆ ನೋಡುವ ಹಾಗೆ ನೋಡಿದಳು.

ಓಣಿಯಲ್ಲಿ ಫಿರ್ಮೆನ್ ಕಾಯುತ್ತಿದ್ದ. ದಿಂಬು ಕಟ್ಟಿ, ಟೋಪಿ ಕೈಯಲ್ಲಿ ಹಿಡಿದಿದ್ದ. "ಆ ಹುಡುಗನ ಹತ್ರ ನೀನು ಹೇಳಿದ್ದು ಕೇಳಿಸ್ತು" ಎಂದ ಮೆಲ್ಲಗೆ. "ಪರದೆ ಹಿಂದೆ ಗುಟ್ಟು ಹೇಳಬಾರದು ಅಂತ ನಿಂಗೆ ಗೊತ್ತಿಲ್ವಾ, ಇಷ್ಟು ವರ್ಷ ಏನ್ ಕಲಿತೆ?"

"ಕೇಳಿಸ್ತಲ್ಲ, ಈಗ ಏನಂತೀಯ?"

"ನಾನೇನೂ ಅನ್ನಲ್ಲ. ನಾನು ಪಾದ್ರಿ ಅಲ್ಲ." ಟೋಪಿಯನ್ನು ಒಮ್ಮೆ ತಿರುಗಿಸಿದ. "ಅವನು ಹೇಳಿದ ಮಾತು ಇನ್ನೊಂದ್ಸಲ ಹೇಳು. ಸರಿಯಾಗಿ, ಹೇಗೆ ಅಂದ್ನೋ ಹಾಗೆ."

ಹೇಳಿದಳು. ಫಿರ್ಮೆನ್ ತುಟಿಯಲ್ಲೇ ಎರಡು ಸಲ ಗುನುಗಿದ.

"ದನಿ ಏರಿಸಿದ್ನಾ?"

"ಇಲ್ಲ. ಮಕ್ಕಳಿಗೆ ಹೇಳೋ ಹಾಗೆ."

"ನೋಡು, ಇದು ಮನುಷ್ಯ ಆಡೋ ಮಾತು" ಎಂದ. "ಐವತ್ತು ವರ್ಷದಲ್ಲಿ ನಂಗೆ ಕೊಟ್ಟಿದ್ದೆಲ್ಲ ಕಳ್ಳ, ಕುಡುಕ, ಕೊಲೆಗಾರ. ಒಂದ್ಸಲ ಆದ್ರೂ ಮನುಷ್ಯನ ಮಾತು ಆಡ್ತೀನಿ. ಹುಡುಗ ಬೈದ್ರೆ ಮರೆವು ಅಂತೀನಿ, ವಯಸ್ಸಾಯ್ತಲ್ಲ." ಒಂದು ಹೆಜ್ಜೆ ಹೋಗಿ ತಿರುಗಿದ. "ಆದ್ರೆ ಎರ್ಮಿನ್, ನಾನು ಅವನನ್ನ ಬಾಗಿಲಿಂದ ಈಚೆ ತಂದುಬಿಟ್ರೆ, ಆ ಕೋಣೇಲಿ ತಪ್ಪು ಹೊರೋಕೆ ಉಳಿಯೋಳು ನೀನೊಬ್ಳೇ. ಗೊತ್ತಲ್ಲ?"

"ಗೊತ್ತು. ಹೋಗು."

ಬಣ್ಣದ ಕೋಣೆಯನ್ನು ರಂಗದ ಹಿಂದೆ, ಅದು ನಿಜವಾಗಿ ಇದ್ದ ಜಾಗದಲ್ಲೇ ಮತ್ತೆ ಕಟ್ಟಿದ್ದರು. ಮೈಲಿಸ್ ಕನ್ನಡಿಯ ಮುಂದೆ ನಿಂತಿದ್ದಳು. ರೆಜಾನ್ ಆಗಿ ನಟಿಸುವ ಹುಡುಗಿ, ಇಪ್ಪತ್ತೊಂಬತ್ತು ವರ್ಷ, ಹಳದಿ ಬಣ್ಣ ಬಳಿದ ಮುಖ, ಹೊಟ್ಟೆ ಬೆನ್ನಿಗೆ ಕಟ್ಟಿದ ಮೆತ್ತೆ. ಗೌನು ಏರಿಸಿದರೆ ಬೆನ್ನಲ್ಲಿ ನಾಲ್ಕು ಬೆರಳಷ್ಟು ಕೂಡಲಿಲ್ಲ. ಬೆರಾಂಜೆರ್ ಅಳತೆ ತಪ್ಪದವಳು. "ನಂಗೆ ಸ್ವಲ್ಪ ಭಯ ಕಣ್ರೀ" ಎಂದಳು ಮೈಲಿಸ್ ಮೆಲುದನಿಯಲ್ಲಿ. "ಹೊಲಿದ್ಮೇಲೆ ಬಿಚ್ಚೋಕೆ ಎಷ್ಟೊತ್ತು?" "ಕತ್ತರಿ ಇದೆ, ಎರಡು ನಿಮಿಷ. ನನ್ನ ಸೂಜಿ ನಿಂಗೆ ತಾಗಲ್ಲ, ಹೆದರ್ಬೇಡ" ಎಂದಳು ಎರ್ಮಿನ್, ಮತ್ತು ಮೈಲಿಸ್‌ಳ ಹೆಗಲು ಸಡಿಲವಾದದ್ದು ಅವಳ ಅಂಗೈಗೆ ತಿಳಿಯಿತು. ಯಾರೇ ಆಗಲಿ, ಅವಳ ಕೈ ಬಿದ್ದ ಕೂಡಲೆ ಸಡಿಲವಾಗುತ್ತಿದ್ದರು. ರೆಜಾನ್ ಕೂಡ. ಹನ್ನೊಂದು ನಿಮಿಷ ಅವಳು ಒಂದು ಮಾತೂ ಆಡದೆ ಆ ಕೈಗೆ ತನ್ನನ್ನು ಒಪ್ಪಿಸಿ ನಿಂತಿದ್ದಳು.

ಕ್ಯಾಮೆರಾ ಓಡಲು ಶುರುವಾಯಿತು. ಎರ್ಮಿನ್ ಕೆಳಗಿನಿಂದ ಹೊಲಿದಳು, ಸೂಜಿ ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ, ಪ್ರತಿ ಹೊಲಿಗೆಯ ಕೊನೆಗೆ ಬಟ್ಟೆಯನ್ನು ಹೆಬ್ಬೆರಳಲ್ಲಿ ಒತ್ತಿ ದಾರ ಎಳೆಯುವುದು. ಸೊಂಟ ದಾಟಿತು. ಬೆನ್ನಿನ ನಡು ದಾಟಿತು. ಸೆಖೆಗೆ ಮೈಲಿಸ್‌ಳ ಕುತ್ತಿಗೆಯಲ್ಲಿ ಬೆವರಿನ ಒಂದು ಹನಿ ಮೂಡಿ ನಿಂತಿತ್ತು. "ನೋಡು ಮಿನ್, ಹಿಡಿಸ್ತಿಲ್ಲ" ಎಂದಳು ಮೈಲಿಸ್, ಹೇಳಿಕೊಟ್ಟ ಹಾಗೆ, ಚೆನ್ನಾಗಿಯೇ, ನಟಿ ಹೇಳುವ ಹಾಗೆ.

ಬಾಗಿಲಲ್ಲಿ ಫಿರ್ಮೆನ್ ಟೋಪಿ ತೆಗೆದ. "ಬಿಡಮ್ಮ" ಎಂದ. "ಮನೆಗೆ ಹೋಗೋಣ. ಗೌನು ಸರಿಯಾಗ್ಲಿಲ್ಲ ಅಂತ ಜನಕ್ಕೆ ನಾನು ಹೇಳ್ತೀನಿ."

ಕ್ಯಾಮೆರಾದ ಪಕ್ಕ ಕ್ಲೋವಿಸ್‌ನ ಕೈ ಮೇಲೆದ್ದಿತು, ನಿಲ್ಲಿಸಲು. ನಿಲ್ಲಿಸಲಿಲ್ಲ. ಯಾಕೆಂದರೆ ಕನ್ನಡಿಯಲ್ಲಿ ಮೈಲಿಸ್ ನಕ್ಕಿದ್ದಳು. ಆ ನಗುವನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕ್ಲೋವಿಸ್ ಅದನ್ನು ಅವಳಿಗೆ ದಾಟಿಸಿರಲಿಲ್ಲ, ಅದು ಅವನಿಗೆ ಬೇಕಾಗಿರಲಿಲ್ಲ. ಮನೆಗೆ ಹೋಗೋಣ ಎಂದು ಯಾರಾದರೂ ಅಂಥ ದನಿಯಲ್ಲಿ ಹೇಳಿದರೆ ಆ ಬಟ್ಟೆಯೊಳಗಿರುವ ಯಾರಿಗೇ ಆದರೂ ಬರುವ ನಗು ಅದು. ಹುಡುಗಿಯ ಕಣ್ಣು ಕನ್ನಡಿಯಿಂದ ಎರ್ಮಿನ್‌ಳ ಕಡೆ ಬಂತು, ಕೇಳುತ್ತ. ಹಾಳೆಯಲ್ಲಿ ಇದಕ್ಕೆ ಉತ್ತರ ಬರೆದಿರಲಿಲ್ಲ. ಸೂಜಿಯನ್ನು ಇಲ್ಲೇ ಬಟ್ಟೆಗೆ ಚುಚ್ಚಿ ಕೈ ತೆಗೆದುಬಿಡಬಹುದಿತ್ತು. ತೆಗೆದರೆ, ಪರದೆಯ ಮೇಲಾದರೂ, ಒಂದು ಸಲವಾದರೂ, ರೆಜಾನ್ ಕೊರ್ವಿಲ್ ಕೋಟು ಹೊದ್ದುಕೊಂಡು ಹಿಂಬಾಗಿಲಿನಿಂದ ಮನೆಗೆ ಹೋಗುತ್ತಾಳೆ. ಆ ಆಸೆ ಎರ್ಮಿನ್‌ಗೆ ಜೋರಾಗಿಯೇ ಬಂತು. ಇನ್ನೊಂದು ಸುಳ್ಳು ಅದು, ಎಲ್ಲಕ್ಕಿಂತ ಸಿಹಿಯಾದ ಸುಳ್ಳು, ಮತ್ತು ಅದನ್ನು ಹೊಲಿಯುವವಳೂ ತಾನೇ. ಸುಮ್ಮನಿದ್ದರೆ ಸಾಕು, ಆಮೇಲೆ ಕ್ಲೋವಿಸ್ ತನಗೆ ಬೇಕಾದ ಮಾತನ್ನು ಬೇಕಾದವರ ಬಾಯಿಗೆ ತುಂಬುತ್ತಾನೆ.

ಅವಳು ಎಡಗೈಯನ್ನು ಹುಡುಗಿಯ ಪಕ್ಕೆಯ ಮೇಲಿಟ್ಟು, ಬಟ್ಟೆಯ ಎರಡು ಅಂಚನ್ನೂ ಹತ್ತಿರಕ್ಕೆ ಎಳೆದಳು. ಕನ್ನಡಿಯಲ್ಲಿ ತನ್ನ ಮುಖ ಕಾಣುವಷ್ಟು ಮುಂದೆ ಬಾಗಿ, ಮಕ್ಕಳಿಗೆ ಹೇಳುವ ಹಾಗಲ್ಲ, ಬೇಡುವ ಹಾಗೂ ಅಲ್ಲ, ಕೆಲಸ ಬಲ್ಲವಳು ಹೇಳುವ ಹಾಗೆ, ಆ ಸಂಜೆ ಹೇಗೆ ಹೇಳಿದ್ದಳೋ ಹಾಗೇ ಹೇಳಿದಳು:

"ಗೌನು ಸರಿಯಾಗೇ ಇದೆ, ಮೊಸ್ಯೋ ಪ್ರೂವೊ. ನೀವು ಹೊರಗೆ ನಡೀರಿ. ರೆಜಾನ್, ಉಸಿರು ಒಳಕ್ಕೆ ಎಳ್ಕೊ. ಇನ್ನು ನಾಲ್ಕೇ ಹೊಲಿಗೆ."